ಮೊದಲ ತುಂಡು

"ಒಲೆಗೇನೂ ಆಗಿಲ್ಲ ಮೇಡಂ."

ಆ ಮಾತು ಕೇಳಿದ್ದೇ ತಡ, ಅವಳ ಮೈಯೆಲ್ಲಾ ಉರಿದುಹೋಯಿತು!

ಬೆಳಗಿನಿಂದ ಅವಳು ಬೇಯಿಸಿದ ಬನ್ನು ಟ್ರೇಗಟ್ಟಲೆ ತಳ ಸೀದು ಹೊರಬರುತ್ತಿದೆ. ಬೇಕರಿಯ ಯಜಮಾನಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾರೆ. ಆಚೆ ಗಾಜಿನ ಕಪಾಟಿನ ಮುಂದೆ ಗಿರಾಕಿಗಳು ಕಾಯುತ್ತಿದ್ದಾರೆ. ರಿಪೇರಿಗೆಂದು ಕರೆಸಿದ ಈ ಮನುಷ್ಯ ನೋಡಿದರೆ, ಚೀಲದಿಂದ ಒಂದು ಸ್ಕ್ರೂಡ್ರೈವರನ್ನೂ ಹೊರತೆಗೆಯದೆ, ಸೀದ ಬನ್ನನ್ನೇ ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದಾನೆ!

"ರೀ ಸ್ವಾಮಿ, ನಿಮ್ಮನ್ನ ಕರೆಸಿದ್ದು ಒಲೆ ನೋಡೋಕೆ. ಬನ್ನು ತಿನ್ನೋಕಲ್ಲ."

"ಒಲೆ ನೋಡಾಯ್ತು." ಅವನು ಕಣ್ಣು ತೆರೆದ. "ಟ್ರೇನ ತೀರಾ ಕೆಳಗಿಟ್ಟಿದ್ದೀರ. ಉರಿ ನೇರ ತಳಕ್ಕೇ ಹೊಡೀತಿದೆ. ಸೀಯದೆ ಇನ್ನೇನಾಗುತ್ತೆ? ಇನ್ನೊಂದು ವಿಷಯ... ವೆನಿಲ್ಲಾ ಎರಡು ಸಲ ಹಾಕಿದ್ದೀರ."

"ಹಾಕಿಲ್ಲ!"

"ಹಾಕಿದ್ದೀರ. ಮನಸ್ಸೆಲ್ಲಿತ್ತು?"

ಎಷ್ಟು ಧೈರ್ಯ ಇವನಿಗೆ! ಅವಳು ಬಾಯಿ ತುಂಬ ಬಯ್ಯಬೇಕೆಂದು ಉಸಿರೆಳೆದುಕೊಂಡಳು. ಆಗಲೇ ನೆನಪಾಯಿತು... ಹಿಟ್ಟು ಕಲಸುವಾಗ ಅಕ್ಕನ ಫೋನು ಬಂದಿತ್ತು. ಮಾತಾಡುತ್ತಾ ಮಾತಾಡುತ್ತಾ ಬಾಟಲಿ ತೆರೆದು ಹಾಕಿದ್ದಳು. ಫೋನಿಟ್ಟ ಮೇಲೆ ಮತ್ತೆ ಹಾಕಿದ್ದಳು.

ಯಜಮಾನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವರನ್ನ ಎಲ್ಲರೂ ಒಲೆ ಡಾಕ್ಟ್ರು ಅಂತ ಸುಮ್ಮನೆ ಕರೆಯಲ್ಲ ಕಣಮ್ಮ! ಬಾಗಿಲಲ್ಲಿ ನಿಂತೇ ಗ್ಯಾಸ್ ಎಲ್ಲಿ ಸೋರ್ತಿದೆ ಅಂತ ಹೇಳಿಬಿಡ್ತಾರೆ. ಇವರ ಮೂಗಿನ ಮುಂದೆ ಸುಳ್ಳು ನಡೆಯಲ್ಲ."

ನಮ್ಮ ಹುಡುಗಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಅವನಿಗೋ, ಹೊಟ್ಟೆಪಾಡೇ ಮೂಗಿನ ತುದಿಯಲ್ಲಿ. ಇಬ್ಬರೂ ಭೇಟಿಯಾದ ಮೇಲೆ ಏನಾಗಬೇಕಿತ್ತೋ ಅದೇ ಆಯಿತು. ಆ ಬೇಕರಿಯ ಒಲೆಗೆ ಪದೇ ಪದೇ ಕಾಯಿಲೆ ಬರತೊಡಗಿತು! ಒಂದು ದಿನ ಬರ್ನರ್, ಇನ್ನೊಂದು ದಿನ ಬಾಗಿಲಿನ ಹಿಡಿ. ಕೊನೆಗೆ ಯಜಮಾನಮ್ಮನೇ ರೋಸಿಹೋಗಿ ಕೇಳಿದರು:

"ಡಾಕ್ಟ್ರೇ, ಕಾಯಿಲೆ ಇರೋದು ನನ್ನ ಒಲೆಗಾ, ನಿಮಗಾ?"

ಅವನು ಸ್ಪ್ಯಾನರ್ ಹಿಡಿದುಕೊಂಡೇ ತಲೆ ತಗ್ಗಿಸಿದ. ಅವಳು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಮೂಗು, ಕೆನ್ನೆ ಎಲ್ಲ ಬಿಳಿಬಿಳಿ!

ಮದುವೆಯಾಯಿತು.

ಎರಡನೇ ಮಹಡಿಯ ಪುಟ್ಟ ಮನೆ. ಅಡುಗೆಮನೆಯ ಮೂಲೆಯಲ್ಲಿ ಅವನು ತನ್ನ ಕೈಯಾರೆ ಹಳೆಯ ಒಲೆಗಳ ಬಿಡಿಭಾಗ ಜೋಡಿಸಿ ಮಾಡಿಕೊಟ್ಟ ಒಂದು ಗ್ಯಾಸ್ ಓವನ್. ನೋಡೋಕೆ ಕುರೂಪಿ. ಬಾಗಿಲು ಒಂದು ಬಣ್ಣ, ಮೈ ಇನ್ನೊಂದು ಬಣ್ಣ. ಆದರೆ ಅದರಲ್ಲಿ ಬೇಯಿಸಿದ ಕೇಕು ಮಾತ್ರ ಹೂವಿನ ಹಾಗೆ ಉಬ್ಬುತ್ತಿತ್ತು.

ಆ ಮನೆಯಲ್ಲಿ ಒಂದು ನಿಯಮ ಹುಟ್ಟಿಕೊಂಡಿತು. ಅವಳು ಏನೇ ಹೊಸದು ಮಾಡಲಿ, ಮೊದಲ ತುಂಡು ಅವನಿಗೆ. ಅವನು ಹೂಂ ಅನ್ನದೆ ಅದು ಬೇಕರಿಯ ಗಾಜಿನ ಕಪಾಟಿಗೆ ಹೋಗುವಂತಿಲ್ಲ. ಅವನು ಮೊದಲು ಮೂಸುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ ಅಗಿಯುತ್ತಿದ್ದ. ಅವಳು ಎದುರಿಗೆ ಕೂತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಗುವಿನ ಹಾಗೆ ಅವನ ಮುಖವನ್ನೇ ನೋಡುತ್ತಿದ್ದಳು.

"ಬೆಣ್ಣೆ ಹಳೇದು."

"ದಾಲ್ಚಿನ್ನಿ ಸೀದಿದೆ."

"ಕಿತ್ತಳೆ ಸಿಪ್ಪೆ ತುರಿಯುವಾಗ ಒಳಗಿನ ಬಿಳೀದೂ ಸೇರಿದೆ, ಅದಕ್ಕೇ ಕಹಿ."

ಅವಳು ಸಿಡಿಮಿಡಿಗುಟ್ಟುತ್ತಿದ್ದಳು. ಅದಕ್ಕೇ ಅವನು ಅವಳಿಗಿಟ್ಟ ಹೆಸರು ಸಿಡುಕಿ. ಆದರೂ ಎದ್ದು ಹೋಗಿ ಮತ್ತೆ ಹೊಸದಾಗಿ ಕಲಸುತ್ತಿದ್ದಳು. ಅಪರೂಪಕ್ಕೊಮ್ಮೆ ಅವನು ಏನೂ ಹೇಳದೆ ಇನ್ನೊಂದು ತುಂಡಿಗೆ ಕೈ ಚಾಚಿದರೆ, ಅವತ್ತಿಡೀ ಅವಳ ಕಾಲು ನೆಲದ ಮೇಲಿರುತ್ತಿರಲಿಲ್ಲ!

ಮನೆಗೆ ಯಾರೇ ಬರಲಿ, ಅವಳದ್ದು ಒಂದೇ ತಮಾಷೆ.

"ನಾನು ಇವರನ್ನ ಮದುವೆಯಾಗಿಲ್ಲ ಕಣ್ರೀ. ಇವರ ಮೂಗನ್ನ ಮದುವೆಯಾಗಿದ್ದೀನಿ! ಮಿಕ್ಕಿದ್ದೆಲ್ಲ ಅದರ ಜೊತೆ ಬಿಟ್ಟಿಯಾಗಿ ಬಂತು."

ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ.

ಅಯ್ಯೋ ಹುಡುಗೀ... ಆ ಮಾತನ್ನು ಅಷ್ಟು ಸಲ ಆಡಬಾರದಿತ್ತು ನೀನು!

* * *

ಬದಲಾಗಿದ್ದು ಯಾವಾಗ ಎಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಅವನಿಗೊಂದು ಕೆಟ್ಟ ಜ್ವರ ಬಂದು ಹಾಸಿಗೆ ಹಿಡಿದಿದ್ದ. ಅವಳೇ ಬೇಕರಿಗೆ ರಜೆ ಹಾಕಿ, ಗಂಜಿ ಕುಡಿಸಿ, ಹಣೆಗೆ ಒದ್ದೆ ಬಟ್ಟೆಯಿಟ್ಟು ಎಬ್ಬಿಸಿ ಕೂರಿಸಿದ್ದಳು. ಜ್ವರ ಬಿಟ್ಟಿತು. ಆದರೆ ಎದ್ದು ಕೂತವನು ಹಳೆಯ ಗಂಡನಲ್ಲ.

"ಹೇಗಿದೆ ರೀ?"

"ಚೆನ್ನಾಗಿದೆ."

"ಅಷ್ಟೇನಾ? ದಾಲ್ಚಿನ್ನಿ?"

"ಚೆನ್ನಾಗಿದೆ ಕಣೇ."

ಬ್ರೆಡ್ಡಿಗೂ ಚೆನ್ನಾಗಿದೆ, ಬಿಸ್ಕತ್ತಿಗೂ ಚೆನ್ನಾಗಿದೆ. ಬೇಕೆಂದೇ ಸ್ವಲ್ಪ ಸೀಯಿಸಿಕೊಟ್ಟರೂ ಚೆನ್ನಾಗಿದೆ! ಕಣ್ಣು ಮುಚ್ಚಿ ಅಗಿಯುವುದನ್ನೇ ಬಿಟ್ಟಿದ್ದ. ಗಬಗಬ ನುಂಗಿ ಎದ್ದು ಹೋಗುತ್ತಿದ್ದ.

ಮೊದಲೆಲ್ಲ ಅವಳು ಕೆಲಸ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದಂತೆಯೇ ಒಳಗಿನಿಂದ ಬಾಗಿಲು ತೆರೆದುಕೊಳ್ಳುತ್ತಿತ್ತು. ಈಗ ಅವಳು ಒಳಗೆ ಬಂದು ಅವನ ಬೆನ್ನ ಹಿಂದೆಯೇ ನಿಂತರೂ ತಿರುಗಿ ನೋಡುವುದಿಲ್ಲ. ಕೆಮ್ಮಿದರೆ ಬೆಚ್ಚಿಬಿದ್ದು, "ಓ, ಬಂದ್ಯಾ?" ಎನ್ನುತ್ತಾನೆ.

ಇದು ಸಾಲದೆಂಬಂತೆ, ಒಂದು ದಿನ ಬಂದು ಹೇಳಿದ, "ನಾಳೆಯಿಂದ ರಿಪೇರಿಗೆ ಹೋಗಲ್ಲ. ಕಂಪನಿಯಲ್ಲಿ ಕೇಳಿಕೊಂಡು ಬಿಡಿಭಾಗದ ಕೌಂಟರ್‌ಗೆ ಹಾಕಿಸಿಕೊಂಡೆ."

"ಯಾಕ್ರೀ?"

"ಓಡಾಟ ಸಾಕಾಗಿದೆ."

ಅವಳಿಗೆ ನಂಬಲಾಗಲಿಲ್ಲ. ಒಲೆ ಕೆಟ್ಟಿದೆ ಎಂದರೆ ಊಟದ ತಟ್ಟೆ ಬಿಟ್ಟು ಓಡುತ್ತಿದ್ದವನು, ನಟ್ಟು ಬೋಲ್ಟು ತೂಗಿಕೊಡುತ್ತಾ ಕೂರುತ್ತಾನಂತೆ!

"ಆಹಾ! ಒಲೆ ಡಾಕ್ಟ್ರು ಈಗ ಕಾಂಪೌಂಡರ್ ಆದರು ಅನ್ನಿ!" ಎಂದು ಚುಚ್ಚಿದಳು.

ಅವನು ಒಂದು ಬಟ್ಟಲಲ್ಲಿ ಸೋಪಿನ ನೀರು ಕಲಸಿ, ಹಳೆಯ ಬ್ರಷ್ ಅದ್ದಿ, ಸಿಲಿಂಡರಿನ ಪೈಪಿನ ಜೋಡಣೆಗೆ ಸವರತೊಡಗಿದ. ಅದೂ ಹೊಸ ಚಾಳಿ. ದಿನಾ ಸಂಜೆ ತಪ್ಪದೆ ಸೋಪಿನ ನೀರು ಸವರುವುದು, ಗ್ಯಾಸ್ ಸೋರಿ ಗುಳ್ಳೆ ಏಳುತ್ತದೋ ಎಂದು ಬಗ್ಗಿ ನೋಡುವುದು.

"ಸಿಲಿಂಡರ್‌ಗೆ ದಿನಾ ಸ್ನಾನ ಮಾಡಿಸ್ತೀರ. ಕಟ್ಟಿಕೊಂಡ ಹೆಂಡತಿ ಕಡೆ ನೋಡೋಕೆ ಪುರುಸೊತ್ತಿಲ್ಲ!"

'ನನ್ನ ಮೇಲೆ ಇವರಿಗೆ ಬೇಜಾರು ಬಂದಿದೆ. ಮೊದಮೊದಲು ಎಲ್ಲ ಗಂಡಸರೂ ಹಾಗೇ... ಆಮೇಲೆ ಹೀಗೇ...' ಎಂದು ಅವಳ ಮನಸ್ಸು ಒಳಗೊಳಗೇ ಕುದಿಯಿತು. ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ. ಸ್ವಾಭಿಮಾನ ಬೇರೆ ಅಡ್ಡ ಬಂತಲ್ಲ!

* * *

ಅಷ್ಟರಲ್ಲಿ ಯಜಮಾನಮ್ಮ ಪಕ್ಕದ ಬಡಾವಣೆಯಲ್ಲಿ ಇನ್ನೊಂದು ಬೇಕರಿ ತೆರೆಯುವ ಸುದ್ದಿ ಹೇಳಿದರು.

"ಅಲ್ಲಿನ ಅಡುಗೆಮನೆ ಪೂರ್ತಿ ನಿನ್ನ ಕೈಗೆ ಕೊಡೋಣ ಅಂತಿದ್ದೀನಿ ಕಣಮ್ಮ. ಈಗೊಂದು ಮದುವೆ ಕೇಕಿನ ಆರ್ಡರ್ ಬಂದಿದೆ, ಅದನ್ನ ಚೆನ್ನಾಗಿ ಮಾಡಿ ಕಳಿಸು. ದೊಡ್ಡ ಮನೆತನ, ನಾಲ್ಕು ಜನರ ಬಾಯಿಗೆ ನಿನ್ನ ಹೆಸರು ಬರುತ್ತೆ."

ತನ್ನದೇ ಅಡುಗೆಮನೆ! ಕನಸು ಕಾಣುತ್ತಿದ್ದುದು ಕೈಗೇ ಬಂದ ಹಾಗಾಯಿತು. ಆದರೆ ಹಣೆಬರಹ ನೋಡಿ... ಕೇಕು ಮಾಡುವ ಹೊತ್ತಿಗೆ ಸರಿಯಾಗಿ ಅವಳಿಗೆ ನೆಗಡಿ ಹಿಡಿಯಿತು. ಎಂಥ ನೆಗಡಿ! ಮೂಗು ಕಟ್ಟಿ, ಏನನ್ನು ಬಾಯಿಗಿಟ್ಟರೂ ಹಿಟ್ಟು ತಿಂದ ಹಾಗೆ.

ಅಕ್ರೋಟು ಹಾಕಿದ ಕೇಕು. ಮನೆಯ ಓವನ್ನಿನಲ್ಲೇ ಮೊದಲು ಒಂದು ಪುಟ್ಟ ಮಾದರಿ ಮಾಡಿದಳು. ಮೊದಲ ತುಂಡು ಕೊಯ್ದು ಅವನ ಮುಂದಿಟ್ಟಳು.

"ಇವತ್ತು ನನ್ನ ಮೂಗು ಕೆಟ್ಟು ಕೂತಿದೆ ರೀ. ನಂಗೆ ಒಂಚೂರೂ ಗೊತ್ತಾಗ್ತಿಲ್ಲ. ನಿಮ್ಮ ಮೂಗೊಂದಿದ್ರೆ ಸಾಕು ನಂಗೆ. ಸರಿಯಾಗಿ ನೋಡಿ ಹೇಳಿ."

ಅವನು ತುಂಡು ಎತ್ತಿಕೊಂಡ. ಮೂಗಿನ ಹತ್ತಿರ ಹಿಡಿದ. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಅವಳು ಕಣ್ಣರಳಿಸಿ ಕಾಯುತ್ತಿದ್ದಳು...

"ಚೆನ್ನಾಗಿದೆ," ಎಂದ.

ಅದೇ ಅಕ್ರೋಟಿನಲ್ಲಿ ದೊಡ್ಡ ಕೇಕು ತಯಾರಾಗಿ ಹೋಯಿತು. ಸಂಜೆಯ ಹೊತ್ತಿಗೆ ವಾಪಸ್ಸು ಬಂತು. ಅಕ್ರೋಟು ಹಳೆಯದಾಗಿ ಕಮಟು ಹಿಡಿದಿತ್ತು. ಒಂದು ತುಂಡು ಬಾಯಿಗಿಟ್ಟವರೆಲ್ಲ ತಟ್ಟೆಗೇ ಉಗುಳಿದರಂತೆ. ಕೇಕಿನ ಮುಂದೆ ನಿಂತು ಮದುಮಗಳು ಅತ್ತಳಂತೆ.

ಯಜಮಾನಮ್ಮ ಎಲ್ಲರ ಎದುರಿಗೆ ಜೋರು ಮಾಡಲಿಲ್ಲ. ಮಾಡಿದ್ದರೇ ಚೆನ್ನಾಗಿತ್ತು! ಮೆತ್ತಗೆ, "ಹೊಸ ಅಂಗಡಿಗೆ ಬೇರೆಯವರನ್ನ ನೋಡ್ತೀನಿ, ಬೇಜಾರು ಮಾಡ್ಕೋಬೇಡ," ಎಂದರು ಅಷ್ಟೇ.

ಅವಳು ಮನೆಗೆ ಬಂದಳು. ಅಳಲಿಲ್ಲ, ಕೂಗಲಿಲ್ಲ. ಆಗಿದ್ದನ್ನು ಹೇಳಿದಳು. ಅವನ ಮುಖ ಬಿಳುಚಿಕೊಂಡಿತು. "ತಪ್ಪಾಯ್ತು ಕಣೇ..." ಎಂದು ತೊದಲಿದ.

'ತಪ್ಪಾಯ್ತಂತೆ! ಬಾಯಲ್ಲಿಟ್ಟು ನೋಡೋ ಅಷ್ಟು ಕಾಳಜಿ ಇರಲಿಲ್ಲ. ನನ್ನ ಬದುಕಿನ ಪ್ರಶ್ನೆ ಇದ್ದಾಗಲೂ ಇರಲಿಲ್ಲ...'

ಮರುದಿನ ಬೆಳಿಗ್ಗೆ ಅವಳು ಒಂದು ಕೆಲಸ ಮಾಡಿದಳು. ಯಾವ ಹೆಂಡತಿಯೂ ಮಾಡಬಾರದ ಕೆಲಸ. ಅವನ ಟೀಗೆ ಸಕ್ಕರೆಯ ಬದಲು ಉಪ್ಪು ಸುರಿದಳು. ಒಂದು ಚಿಟಿಕೆಯಲ್ಲ, ಚಮಚದ ತುಂಬ!

'ಉಗುಳಲಿ. ಬಯ್ಯಲಿ. ಏನೇ ಇದು ಅಂತ ಕಿರುಚಲಿ. ಅಷ್ಟಾದರೂ ಮಾಡಿದರೆ ಸಾಕು, ಎಲ್ಲ ಮರೆತುಬಿಡ್ತೀನಿ ದೇವರೇ...'

ಅವನು ಲೋಟ ಎತ್ತಿದ. ಒಂದು ಗುಟುಕು ಕುಡಿದ. ಕ್ಷಣ ನಿಂತ. ಅವಳ ಮುಖ ನೋಡಿದ. ಆಮೇಲೆ ಉಳಿದದ್ದನ್ನೂ ತಳದ ಹನಿಯವರೆಗೆ ಕುಡಿದು ಲೋಟ ಕೆಳಗಿಟ್ಟ.

"ಚೆನ್ನಾಗಿದೆ," ಎಂದು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟುಹೋದ.

ಅವಳ ಎದೆಯಲ್ಲಿ ಏನೋ ಕಳಚಿಬಿದ್ದ ಹಾಗಾಯಿತು. ಇಷ್ಟು ದಿನ ಹೆಂಡತಿ ಮಾಡಿದ್ದು ಬಾಯಿಗೆ ಹೋಗುತ್ತಿತ್ತು, ಮನಸ್ಸಿಗೆ ಹೋಗುತ್ತಲೇ ಇರಲಿಲ್ಲ!

ಬಟ್ಟೆ ತುಂಬಿಕೊಳ್ಳಲು ದೊಡ್ಡ ಚೀಲ ಬೇಕಿತ್ತು. ಅದು ಸಿಲಿಂಡರಿನ ಹಿಂದೆ ಸಿಕ್ಕಿಕೊಂಡಿತ್ತು. ಅವಳು ಅಳುತ್ತಾ, ಸಿಟ್ಟಿನಲ್ಲಿ ಸಿಲಿಂಡರನ್ನು ದರದರ ಪಕ್ಕಕ್ಕೆಳೆದಳು. ಪೈಪು ಬಿಗಿದುಕೊಂಡು ಕಿರ್ರೆಂದಿತು. ಅವಳಿಗೆಲ್ಲಿ ಕೇಳಬೇಕು? ಚೀಲಕ್ಕೆ ಬಟ್ಟೆ ತುರುಕಿಕೊಂಡು ಅಕ್ಕನ ಮನೆಗೆ ಹೊರಟೇಬಿಟ್ಟಳು.

* * *

ಅವನು ಮೊದಮೊದಲು ದಿನಾ ಬಂದ. ಅಕ್ಕನ ಮನೆಯ ಗೇಟಿನ ಹತ್ತಿರ ನಿಂತು, "ಬಾ ಮನೆಗೆ, ಹೇಳೋದಿದೆ," ಎನ್ನುತ್ತಿದ್ದ.

"ಏನು ಹೇಳ್ತೀರ? ಚೆನ್ನಾಗಿದೆ ಅಂತಾನಾ?" ಎಂದು ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಆಮೇಲೆ ಅವನೂ ಬರುವುದನ್ನು ನಿಲ್ಲಿಸಿದ.

ಬಾರದಿದ್ದಾಗ ಅವಳಿಗೆ ಇನ್ನೂ ಸಂಕಟ! ಕಿಟಕಿಯ ಪರದೆ ಸರಿಸಿ ಸರಿಸಿ ರಸ್ತೆ ನೋಡುವುದನ್ನು ಅಕ್ಕ ನೋಡಿಯೂ ನೋಡದ ಹಾಗಿದ್ದಳು. ಕೊನೆಗೆ ತಡೆಯಲಾಗದೆ ಅಂದಳು:

"ನೋಡೇ, ನಿನ್ನ ಭಾವನಿಗೆ ನಾನು ಉಪ್ಪಿನ ಟೀ ಕೊಟ್ಟಿದ್ರೆ ಲೋಟ ಗೋಡೆಗೆ ಹೋಗ್ತಿತ್ತು. ಪೂರ್ತಿ ಕುಡಿದ ಅಂದ್ರೆ... ಯಾಕೆ ಕುಡಿದ ಅಂತ ಒಂದು ಮಾತು ಕೇಳಿದ್ಯಾ?"

"ಏನು ಕೇಳೋದು ಅಕ್ಕ? ನಾನು ಸತ್ತರೂ ಅವರಿಗೆ ಗೊತ್ತಾಗಲ್ಲ."

"ಬಿಡ್ತು ಅನ್ನು!" ಅಕ್ಕ ಗದರಿದಳು. "ನಿನ್ನ ಬಾಯೊಂದು..."

ಅವಳು ಹಟ ಬಿಡಲಿಲ್ಲ. ಫೋನು ತೆಗೆದು ಒಂದೇ ಉಸಿರಿನಲ್ಲಿ ಹೇಳಿದಳು, "ಇವತ್ತು ಸಂಜೆ ಬಂದು ನನ್ನ ಕೇಕಿನ ಅಚ್ಚುಗಳನ್ನ ತಗೊಂಡು ಹೋಗ್ತೀನಿ. ಅಷ್ಟಕ್ಕೇ ಬರೋದು."

ಆ ಕಡೆಯಿಂದ ಅವನ ದನಿ, "ಬಾ," ಎಂದಿತು. "ಟೀ ಕುಡ್ಕೊಂಡು ಹೋಗು."

* * *

ಸಂಜೆಯ ಬಿಸಿಲು ಮೆಟ್ಟಿಲ ಮೇಲೆ ಬಿದ್ದಿತ್ತು. ಅವಳು ಮೇಲೆ ಬಂದಳು. ಬಾಗಿಲು ಮುಂದಕ್ಕೆ ಮಾಡಿತ್ತಷ್ಟೇ. ತಳ್ಳಿದಳು.

ತಳ್ಳಿದ ಮರುಕ್ಷಣ ಮೂಗಿಗೆ ರಪ್ಪನೆ ಹೊಡೆಯಿತು... ಗ್ಯಾಸು! ಮನೆ ತುಂಬ ಗ್ಯಾಸು!

ಕಿಟಕಿಗಳೆಲ್ಲ ಮುಚ್ಚಿದ್ದವು. ಅಡುಗೆಮನೆಯಲ್ಲಿ ಅವನು ನಿಂತಿದ್ದ. ಗಡ್ಡ ಬೆಳೆದಿತ್ತು. ಆದರೆ ಒಗೆದ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡಿದ್ದ. ಅವಳ ಕೇಕಿನ ಅಚ್ಚುಗಳನ್ನೆಲ್ಲ ಉಜ್ಜಿ, ತೊಳೆದು, ಒರೆಸಿ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದ. ಒಲೆಯ ಮೇಲೆ ಟೀ ಪಾತ್ರೆ. ಕೈಯಲ್ಲಿ ಲೈಟರ್.

ಅವಳನ್ನು ಕಂಡು ಅವನ ಮುಖ ಅರಳಿತು.

"ಬಂದ್ಯಾ? ಕೂತ್ಕೋ, ಈಗಲೇ ಹಚ್ತೀನಿ..."

"ಹಚ್ಚಬೇಡೀ...!"

ಅವಳು ಹೇಗೆ ಹಾರಿದಳೋ ಅವಳಿಗೇ ತಿಳಿಯದು. ಅವನ ಮೇಲೆಯೇ ಬಿದ್ದು, ಮುಷ್ಟಿ ಬಿಡಿಸಿ ಲೈಟರನ್ನು ಕಿತ್ತುಕೊಂಡಳು. ಸಿಲಿಂಡರಿನ ಗುಂಡಿ ತಿರುಗಿಸಿ ಮುಚ್ಚಿದಳು. ಕಿಟಕಿಗಳನ್ನು ದಡದಡ ತೆರೆದಳು. ಅವನು ಏನೂ ಅರ್ಥವಾಗದೆ ಬೆಪ್ಪನಂತೆ ನಿಂತಿದ್ದ.

"ಏನಾಯ್ತೇ?"

"ಸ್ವಿಚ್ಚು ಮುಟ್ಟಬೇಡಿ! ಬನ್ನಿ ಆಚೆ, ಬನ್ನಿ!"

ತೋಳು ಹಿಡಿದು ಹೊರಗೆಳೆದಳು. ಮೆಟ್ಟಿಲ ತಿರುವಿನವರೆಗೆ ಎಳೆದುಕೊಂಡು ಬಂದು ಕುಸಿದು ಕೂತಳು. ಮಾತು ಬರುವಷ್ಟು ಉಸಿರು ಬಂದ ಮೇಲೆ ಸಿಡಿದಳು.

"ಮನೆ ತುಂಬಾ ಗ್ಯಾಸು ನಾರ್ತಿದೆ! ಒಲೆ ಡಾಕ್ಟ್ರು ನೀವು! ನಿಮಗೆ ವಾಸನೆ ಬರಲಿಲ್ವಾ?"

ಅವನು ಮುಖ ಆಚೆ ತಿರುಗಿಸಿದ.

"ಹೇಳೀ! ಬರಲಿಲ್ವಾ?"

"ಇಲ್ಲ," ಎಂದ.

"ಇಲ್ಲ ಅಂದ್ರೆ?"

"ಇಲ್ಲ ಕಣೇ. ನಂಗೆ ಯಾವ ವಾಸನೆಯೂ ಬರಲ್ಲ. ಆ ಜ್ವರ ಬಂದಾಗಿನಿಂದ."

ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು. ಅವಳು ಅವನ ಮುಖವನ್ನೇ ನೋಡುತ್ತಾ ಕೂತಿದ್ದಳು. ಒಂದೊಂದೇ ನೆನಪು ಎದ್ದು ಬಂದು ಅವಳ ಕೆನ್ನೆಗೆ ಹೊಡೆಯಿತು. ಗಬಗಬ ನುಂಗಿದ ತುಂಡುಗಳು... ಬಿಟ್ಟುಬಿಟ್ಟ ರಿಪೇರಿ ಕೆಲಸ... ದಿನಾ ಸಂಜೆಯ ಸೋಪಿನ ನೀರು... ಬೆನ್ನ ಹಿಂದೆ ನಿಂತರೂ ತಿರುಗದ ತಲೆ...

ಸಿಲಿಂಡರನ್ನು ಎಳೆದಿದ್ದು ಯಾರು? ತಾನೇ! ಮೂಗಿಲ್ಲದ ಮನುಷ್ಯನನ್ನು, ಸಡಿಲವಾದ ಪೈಪಿನ ಜೊತೆ ಒಂಟಿಯಾಗಿ ಬಿಟ್ಟು ಹೋದವಳು ತಾನೇ!

"ದಿನಾ ಸೋಪಿನ ನೀರು ಸವರ್ತಿದ್ರಲ್ಲ... ಇವತ್ತು ಯಾಕೆ..."

"ನೀನು ಹೋದ ಮೇಲೆ ಒಲೆ ಹಚ್ಚೋದನ್ನೇ ಬಿಟ್ಟೆ. ಹೊರಗೇ ಏನೋ ಒಂದು ತಿಂತಿದ್ದೆ. ಯಾರಿಗೋಸ್ಕರ ಸವರೋದು ಅನ್ನಿಸ್ತು." ಅವನು ತಲೆ ತಗ್ಗಿಸಿದ. "ಇವತ್ತು ನೀನು ಬರ್ತೀನಿ ಅಂದೆ. ಬಂದ ತಕ್ಷಣ ಟೀ ಕೊಡೋಣ ಅಂತ ಮುಂಚೇನೇ ಸಿಲಿಂಡರ್ ತೆರೆದಿಟ್ಟೆ. ಅಚ್ಚು ತೊಳೀತಾ ಕೂತೆ. ಖುಷಿಯಲ್ಲಿ ಪೈಪು ನೋಡೋದೇ ಮರೆತುಹೋಯ್ತು."

ಖುಷಿಯಲ್ಲಂತೆ! ಅವಳು ಅಚ್ಚು ತೆಗೆದುಕೊಂಡು ಹೋಗಲು ಬಂದಿದ್ದಳು. ಅವನು ಖುಷಿಯಲ್ಲಿದ್ದ.

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸಿದೆ. ವಾಪಸ್ಸು ಬರಬಹುದು, ಬರದೇನೂ ಇರಬಹುದು ಅಂದ್ರು. ಅದಕ್ಕೇ ರಿಪೇರಿ ಕೆಲಸ ಬಿಟ್ಟೆ. ನನ್ನ ಮೂಗು ನಂಬ್ಕೊಂಡು ಯಾರ ಅಡುಗೆಮನೆಗಾದ್ರೂ ಏನಾದ್ರೂ ಆದ್ರೆ?"

"ನಂಗ್ಯಾಕೆ ಹೇಳಲಿಲ್ಲ?" ಅವಳು ಅವನ ಶರ್ಟು ಹಿಡಿದು ಜಗ್ಗಿದಳು. "ನಾನು ಯಾರು ನಿಮಗೆ? ದಾರೀಲಿ ಹೋಗೋಳಾ? ಯಾಕೆ ಹೇಳಲಿಲ್ಲ?"

ಅವನು ನಗಲು ನೋಡಿದ. ನಗು ಬರಲಿಲ್ಲ.

"ನೀನು ಮದುವೆಯಾಗಿದ್ದು ನನ್ನ ಮೂಗನ್ನ ಅಲ್ವಾ?"

"ರೀ...! ಅದು ತಮಾಷೆ!"

"ಗೊತ್ತು ಕಣೇ. ತಮಾಷೆ ಅಂತ ಗೊತ್ತು. ಆದ್ರೆ ಮೂಗು ಹೋದ ಮೇಲೆ ಅದು ತಮಾಷೆ ಥರ ಕೇಳಿಸ್ತಿರಲಿಲ್ಲ. ಮೊದಲ ತುಂಡು ಹಿಡ್ಕೊಂಡು ನೀನು ಎದುರಿಗೆ ಕೂತ್ಕೊಂಡಾಗ... ನಿನ್ನ ಕಣ್ಣು ಹೆಂಗಿರುತ್ತೆ ಅಂತ ನಿಂಗೊತ್ತಿಲ್ಲ. ಗೊತ್ತಾಗ್ತಿಲ್ಲ ಅಂದ್ರೆ ಆ ಕಣ್ಣು ಆರಿಹೋಗುತ್ತಲ್ಲ ಅಂತ ಭಯ. ನಾಳೆ ಸರಿಹೋಗುತ್ತೆ, ನಾಡಿದ್ದು ಸರಿಹೋಗುತ್ತೆ, ಆಮೇಲೆ ಹೇಳಿದರಾಯ್ತು ಅಂತ ಮುಂದಕ್ಕೆ ಹಾಕ್ತಾ ಬಂದೆ. ಅಕ್ರೋಟಿನ ಕೇಕ್ ಕೊಟ್ಟ ದಿನ ಹೇಳೇಬಿಡೋಣ ಅಂತ ಬಾಯಿ ತೆರೆದೆ. ನಿಮ್ಮ ಮೂಗೊಂದಿದ್ರೆ ಸಾಕು ಅಂದೆ ನೀನು..." ಅವನ ದನಿ ಒಡೆಯಿತು. "ನಿನ್ನ ಅಡುಗೆಮನೆ ನನ್ನಿಂದ ಹೋಯ್ತು. ನನ್ನ ಹೇಡಿತನದಿಂದ ಹೋಯ್ತು."

ಅವಳಿಗೆ ಅಳು ಒತ್ತರಿಸಿ ಬಂತು. ಒಂದು ಪ್ರಶ್ನೆ ಮಾತ್ರ ಗಂಟಲಲ್ಲೇ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

"ಉಪ್ಪಿನ ಟೀನೂ... ಗೊತ್ತಾಗಲಿಲ್ವಾ?"

ಅವನು ಅವಳ ಕಡೆ ತಿರುಗಿದ.

"ಗೊತ್ತಾಯ್ತು."

"ಏನು?!"

"ಹೋಗಿರೋದು ವಾಸನೆ. ಉಪ್ಪು, ಸಿಹಿ ನಾಲಿಗೆಗೆ ಗೊತ್ತಾಗುತ್ತೆ. ಮೊದಲ ಗುಟುಕಿಗೇ ಗೊತ್ತಾಯ್ತು."

"ಮತ್ತೆ ಯಾಕೆ ಕುಡಿದ್ರಿ? ಅಷ್ಟೂ ಯಾಕೆ ಕುಡಿದ್ರಿ?"

"ನಿನ್ನ ಕೇಕು ಹಾಳು ಮಾಡಿದ್ದೆ. ಅದಕ್ಕೆ ನೀನು ಕೊಟ್ಟ ಶಿಕ್ಷೆ ಅಂದ್ಕೊಂಡೆ. ಇಷ್ಟರಲ್ಲೇ ನಿನ್ನ ಸಿಟ್ಟು ತೀರೋದಾದ್ರೆ ಕುಡಿದುಬಿಡೋಣ, ಸಂಜೆ ಬಂದು ಎಲ್ಲ ಹೇಳಿಬಿಡೋಣ ಅಂತ ಕುಡಿದೆ. ಸಂಜೆ ಬಂದ್ರೆ ನೀನಿರಲಿಲ್ಲ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನಿಗೆ ಪ್ರೀತಿಯಿಲ್ಲ ಎಂದು ಸಾಬೀತು ಮಾಡಲು ಉಪ್ಪು ಸುರಿದಿದ್ದಳು. ಅವನು ಪ್ರೀತಿಯಿಂದಲೇ ಅದನ್ನು ಕುಡಿದು ಮುಗಿಸಿದ್ದ. ಗೇಟಿನ ಹತ್ತಿರ ನಿಂತು "ಹೇಳೋದಿದೆ" ಎಂದಾಗ ಬಾಗಿಲು ಹಾಕಿಕೊಂಡಿದ್ದಳು. ಒಂದೇ ಒಂದು ಸಲ ತೆರೆದಿದ್ದರೆ! ಒಂದೇ ಒಂದು ಸಲ "ಯಾಕ್ರೀ ಹೀಗೆ?" ಎಂದು ಪಕ್ಕದಲ್ಲಿ ಕೂತು ಕೇಳಿದ್ದರೆ...

"ನಾನು ಪಾಪಿ ರೀ... ಇನ್ನೊಂದು ಕ್ಷಣ ತಡವಾಗಿದ್ರೆ..."

"ಆಗಿಲ್ವಲ್ಲ. ನಿನ್ನ ಮೂಗು ಬಂತಲ್ಲ." ಅವನು ಅಂಜುತ್ತಾ ಅಂಜುತ್ತಾ ಅವಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಮೆಲ್ಲಗೆ ಬಗ್ಗಿ ಅವಳ ಕೂದಲಿಗೆ ಮುಖವಿಟ್ಟು ಉಸಿರೆಳೆದುಕೊಂಡ. ಹಿಂದೆ ದಿನಾ ಮಾಡುತ್ತಿದ್ದ ಹಾಗೆ.

"ಏನಾದ್ರೂ..?" ಅವಳು ಆಸೆಯಿಂದ ಕೇಳಿದಳು.

ಅವನು ತಲೆಯಲ್ಲಾಡಿಸಿದ. "ಮೊದಲೆಲ್ಲ ನೀನು ಕೆಳಗಿನ ಮೆಟ್ಟಿಲಲ್ಲಿರುವಾಗಲೇ ನಂಗೆ ಗೊತ್ತಾಗ್ತಿತ್ತು. ಬೆಣ್ಣೆ, ಬಿಸಿ ಸಕ್ಕರೆ, ಸ್ವಲ್ಪ ಬೆವರು. ಎದ್ದು ಬಂದು ಬಾಗಿಲು ತೆಗೀತಿದ್ದೆ. ಎಲ್ಲಕ್ಕಿಂತ ಅದು ಹೋಗಿದ್ದೇ ನಂಗೆ ಸಹಿಸೋಕಾಗಿಲ್ಲ ಕಣೇ ಸಿಡುಕಿ."

ಸಿಡುಕಿ! ಎಷ್ಟು ಕಾಲವಾಗಿತ್ತು ಆ ಹೆಸರು ಕೇಳಿ. ಅವಳು ಅವನ ಎದೆಗೊರಗಿದಳು. ಮನೆಯೊಳಗಿನ ಗ್ಯಾಸೆಲ್ಲ ಕಿಟಕಿಯಿಂದ ಹೊರಗೆ ಹೋಗುವವರೆಗೂ ಇಬ್ಬರೂ ಆ ಮೆಟ್ಟಿಲ ಮೇಲೇ ಕೂತಿದ್ದರು. ಯಾರೋ ಪಕ್ಕದ ಮನೆಯವರು ಹತ್ತಿಕೊಂಡು ಬಂದು, ಒಂದು ನೋಟ ನೋಡಿ, ಗೋಡೆಗಂಟಿಕೊಂಡು ದಾಟಿಹೋದರು. ಅವಳಿಗೆ ನಾಚಿಕೆಯೂ ಆಗಲಿಲ್ಲ.

* * *

ಕಳೆದುಹೋದದ್ದೆಲ್ಲ ಮರಳಿ ಬರುವುದಿಲ್ಲ. ಹೊಸ ಬೇಕರಿಯ ಅಡುಗೆಮನೆ ಬೇರೆಯವಳ ಕೈಗೆ ಹೋಗಿತ್ತು, ಹೋಗಿಯೇ ಹೋಯಿತು. ಆ ದಾರಿಯಲ್ಲಿ ನಡೆಯುವಾಗ ಅವಳು ಈಗಲೂ ತಲೆ ತಗ್ಗಿಸಿಕೊಂಡು ಆಚೆ ಬದಿಗೆ ದಾಟುತ್ತಾಳೆ. ಆ ಮದುಮಗಳ ಕಣ್ಣೀರನ್ನೂ ವಾಪಸ್ಸು ತೆಗೆದುಕೊಳ್ಳಲಾಗಲಿಲ್ಲ. ಅವನ ಮೂಗು ಕೂಡ ಬರಲಿಲ್ಲ. ಒಬ್ಬರ ಪಕ್ಕ ಒಬ್ಬರು ಮಲಗಿಯೂ ಒಂಟಿಯಾಗಿ ಕಳೆದ ಆ ದಿನಗಳನ್ನು ನೆನೆದಾಗಲೆಲ್ಲ ಅವಳು ಅವನ ಪಕ್ಕಕ್ಕೆ ಇನ್ನಷ್ಟು ಸರಿದು ಕೂರುತ್ತಾಳೆ.

ಈಗ ದಿನಾ ಸಂಜೆ ಸೋಪಿನ ನೀರು ಕಲಸುವುದು ಅವಳು. ಬ್ರಷ್ ಹಿಡಿಯುವುದು ಅವನು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಗುಳ್ಳೆ ಏಳುತ್ತದೋ ಎಂದು ನೋಡುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ಅವಳು ಆ ಕುರೂಪಿ ಓವನ್ನಿನಲ್ಲಿ ಬನ್ನು ಮಾಡಿದಳು. ಎಷ್ಟೋ ಕಾಲದ ಮೇಲೆ ಮೊದಲ ಸಲ. ಮುರಿದು, ಮೊದಲ ತುಂಡನ್ನು ಅವನ ಮುಂದೆ ಹಿಡಿದಳು.

ಅವನು ಹಿಂದೆ ಸರಿದ. "ನಂಗ್ಯಾಕೆ ಕೊಡ್ತೀಯ? ನೀನೇ ನೋಡು."

"ಮೊದಲ ತುಂಡು ನಿಮ್ಮದು ರೀ. ಮೂಗಿನದಲ್ಲ."

ಅವನು ತೆಗೆದುಕೊಂಡ. ಕಣ್ಣು ಮುಚ್ಚಿದ. ನಿಧಾನವಾಗಿ, ಬಹಳ ನಿಧಾನವಾಗಿ ಅಗಿದ. ಅವಳು ಎದುರಿಗೆ ಕೂತು ಅವನ ಮುಖವನ್ನೇ ನೋಡುತ್ತಿದ್ದಳು.

"ಹೇಗಿದೆ?"

"ಬಿಸಿ ಇದೆ. ಮೆತ್ತಗಿದೆ. ಸಿಹಿ ಒಂಚೂರು ಕಮ್ಮಿ." ಅವನು ಕಣ್ಣು ತೆರೆದ. ಕಣ್ಣಂಚು ಒದ್ದೆಯಾಗಿತ್ತು. "ಮಿಕ್ಕಿದ್ದು ಗೊತ್ತಾಗ್ತಿಲ್ಲ ಕಣೇ."

ಅವಳ ಕಣ್ಣು ಆರಲಿಲ್ಲ. ತುಂಬಿ ಬಂತು.

"ಅಬ್ಬಾ! ನಿಮ್ಮ ಬಾಯಲ್ಲಿ ನಿಜ ಕೇಳಿ ಎಷ್ಟು ದಿನ ಆಗಿತ್ತು ರೀ!"

"ನೀನೇ ಹೇಳು. ಏನೇನು ವಾಸನೆ ಇದೆ?"

ಅವಳು ತನ್ನ ತುಂಡನ್ನು ಮೂಗಿನ ಹತ್ತಿರ ಹಿಡಿದು, ಅವನ ಹಾಗೆಯೇ ಕಣ್ಣು ಮುಚ್ಚಿಕೊಂಡಳು.

"ಬೆಣ್ಣೆ ಹೊಸದು. ಮೇಲಿನ ಸಿಪ್ಪೆ ಹದವಾಗಿ ಕೆಂಪಗಾಗಿದೆ. ಆಮೇಲೆ... ವೆನಿಲ್ಲಾ ಎರಡು ಸಲ ಬಿದ್ದಿದೆ."

"ಎರಡು ಸಲಾನಾ? ಮನಸ್ಸೆಲ್ಲಿತ್ತು?"

ಅವಳು ಹಿಟ್ಟು ಮೆತ್ತಿದ ಕೈಯಿಂದ ಅವನ ಕೈ ಹಿಡಿದುಕೊಂಡಳು.

"ಇಲ್ಲೇ ಇತ್ತು ರೀ. ಇಲ್ಲೇ..."